ಮಗ್ಗುಲಲ್ಲಿ ಅವ್ವನ ಕೈ

ಅವ್ವ ಹಾಸಿಗೆ ಮಡಚುತ್ತಿದ್ದಳು. ನಾನು ಎದೆಗೆ ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿ, ಸುರುಳಿ ಸುತ್ತಿ, ಆಸ್ಪತ್ರೆಯವರು ಕೊಟ್ಟಿದ್ದ ನೀಲಿ ಡಬ್ಬಿಯಲ್ಲಿ ಇಡುತ್ತಿದ್ದೆ. ಮೂಗಿಗೆ ಸಿಕ್ಕಿಸಿದ್ದ ನಳಿಗೆಯನ್ನು ಹತ್ತಿಯಿಂದ ಒರೆಸಿದೆ. ಬೆರಳಿನ ಕ್ಲಿಪ್ ತೆಗೆದು, ಅದರ ವೈರು ಗಂಟಾಗದಂತೆ ಮಡಚಿದೆ. ಹೊರಗೆ ಅಪ್ಪ ಅಂಗಡಿಯ ಶಟರ್ ಎತ್ತಿದ ಸದ್ದಾಯಿತು. ಡಬ್ಬಿ ಮುಚ್ಚುವಾಗ ನನ್ನ ಎಡ ರಟ್ಟೆಯ ಮೇಲೆ ಕೆಂಪು ಗುರುತುಗಳು ಕಂಡವು. ಒಂದು ಹೆಬ್ಬೆರಳಿನದು, ಅದರ ಎದುರಿಗೆ ಉಳಿದ ಬೆರಳುಗಳವು. ನಾನು ಕುರ್ತಾದ ತೋಳು ಕೆಳಗೆಳೆದುಕೊಂಡೆ. ಅವ್ವ ದಿಂಬನ್ನು ಎರಡು ಸಲ ಜಾಡಿಸಿ ಒಳಗೆ ಹೋದಳು.

ಆ ಡಬ್ಬಿಯಲ್ಲಿದ್ದದ್ದು, ನಿದ್ದೆಯಲ್ಲಿ ನನ್ನ ಉಸಿರು ಎಷ್ಟು ಸಲ ನಿಲ್ಲುತ್ತದೆ ಎಂದು ನೋಡುವ ಯಂತ್ರ.

ನಾಶಿಕ್ ರೋಡಿನಲ್ಲಿ ನಮ್ಮದು ಜೋಳ, ತೊಗರಿಬೇಳೆ, ಶೇಂಗಾ ಹಿಂಡಿಯ ಅಂಗಡಿ. ಹಿಂದುಗಡೆಯೇ ಮನೆ. ಅಪ್ಪ ಶರಣಬಸವ ಕಲಬುರಗಿಯಿಂದ ಮಾಲು ತರಿಸುತ್ತಾನೆ. ಅವ್ವ ಜಯಮಾಲಾ ಮತ್ತು ನಾನು ಖಡಕ್ ರೊಟ್ಟಿ ಮಾಡುತ್ತೇವೆ. ಒಂಬತ್ತನೆಯ ಇಯತ್ತೆಯಲ್ಲಿ ನಾನು ಶಾಲೆ ಬಿಟ್ಟೆ. ತರಗತಿಯಲ್ಲಿ ಎಷ್ಟು ಪ್ರಯತ್ನಪಟ್ಟರೂ ಕಣ್ಣು ಮುಚ್ಚಿಹೋಗುತ್ತಿದ್ದವು. ಬಾಯಿ, ಅಂದರೆ ನಮ್ಮ ಟೀಚರು, ಹಾಜರಿ ಕರೆಯುವಾಗ ನನ್ನ ಹೆಸರು ಬಂದರೆ, "ಮಂದಾಕಿನಿ ಝೋಪ್ಲೀ ಕಾ?" ಎಂದು ಕೇಳುತ್ತಿದ್ದರು. "ಝೋಪ್ಲೀ!" ಎಂದು ಇಡೀ ತರಗತಿ ಕೂಗುತ್ತಿತ್ತು. ಮಲಗಿದ್ದಾಳಾ, ಮಲಗಿದ್ದಾಳೆ. ಮನೆಯಲ್ಲೂ ನನ್ನನ್ನು ಸೋಮಾರಿ ಅಂದರು. ರಾತ್ರಿಯಿಡೀ ಮಲಗಿ ಹಗಲೂ ಮಲಗುವವಳಿಗೆ ಬೇರೆ ಯಾವ ಹೆಸರು ಇಡುತ್ತಾರೆ? ನಾನೂ ಹಾಗೆಯೇ ಅಂದುಕೊಂಡಿದ್ದೆ.

ನನ್ನ ಗೊರಕೆ ನಮ್ಮ ಮನೆಯ ಗುಟ್ಟು. ಹುಡುಗಿಗೆ ಗೊರಕೆ ಇದೆಯೆಂದು ಹೊರಗೆ ಗೊತ್ತಾದರೆ ಸೊಸೆ ಮಾಡಿಕೊಳ್ಳುವವರೇ ಸಿಗುವುದಿಲ್ಲ ಎಂದು ಅವ್ವನ ಹೆದರಿಕೆ. ನೆಂಟರು ಬಂದು ಹಾಲ್‌ನಲ್ಲಿ ಸಾಲಾಗಿ ಹಾಸಿಗೆ ಹಾಸಿದಾಗ ನನ್ನನ್ನು ಗೋದಾಮಿಗೆ ಕಳಿಸುತ್ತಿದ್ದಳು. "ಇಲಿ ಬಂದ್ ತೊಗರಿ ಚೀಲ ಕಡೀತಾವ್ರಿ, ಮಂದಾ ಅಲ್ಲೇ ಮಲಗ್ತಾಳ" ಎಂದು ಅವರಿಗೆ ಹೇಳುತ್ತಿದ್ದಳು. ಆಮೇಲೆ ತಾನೂ ಬಂದು ನನ್ನ ಪಕ್ಕ ಮಲಗುತ್ತಿದ್ದಳು.

ಈ ಚೈತ್ರದಲ್ಲಿ ರೊಟ್ಟಿ ಬೇಯಿಸುತ್ತ ಕುಳಿತಲ್ಲೇ ತೂಕಡಿಸಿ ಹೆಂಚಿನ ಮೇಲೆ ಕೈ ಊರಿದೆ. ಸುಟ್ಟ ಕೈಗೆ ಮುಲಾಮು ಹಚ್ಚಿದ ದವಾಖಾನೆಯ ಡಾಕ್ಟರ್, "ರಾತ್ರಿ ಗೊರಕೆ ಹೊಡೀತಾಳಾ?" ಎಂದು ಮರಾಠಿಯಲ್ಲಿ ಕೇಳಿದರು. "ನಾಹೀ, ನಾಹೀ" ಅಂದಳು ಅವ್ವ. ನಾನು ತಲೆ ತಗ್ಗಿಸಿಕೊಂಡೇ "ಹೋ", ಹೌದು, ಅಂದೆ. ಅಲ್ಲಿಂದ ಇದೆಲ್ಲ ಶುರುವಾಯಿತು.

ಆಗಲೇ ನನಗೆ ಸಂಭಾಜಿನಗರದ ಒಂದು ಸಂಬಂಧ ಕೂಡಿಬಂದಿತ್ತು. ಅಪ್ಪನ ತಂಗಿ ಭಾಗವ್ವತ್ತೆ ಆ ಊರಿನವಳು, ಅವಳೇ ಹುಡುಕಿದ್ದು. ಹುಡುಗ ಉತ್ಕರ್ಷ ವಾಳೂಜಿನ ಕಾರ್ಖಾನೆಯಲ್ಲಿ ಗಾಡಿಯ ಬಿಡಿಭಾಗಗಳ ತಪಾಸಣೆ ಮಾಡುತ್ತಾನೆ. ನೋಡಲು ಬಂದಾಗ ನನ್ನ ಕಡೆಗೆ ಎರಡು ಸಲ ನೋಡಿದ, ರೊಟ್ಟಿಯ ಕಡೆಗೆ ಬಹಳ ಸಲ ನೋಡಿದ. ಅವನ ಕನ್ನಡ ಅಲ್ಲಿಗಲ್ಲಿಗೆ. "ರೊಟ್ಟಿ ಏಕದಮ್ ಬರೋಬರ್ ಗೋಲ್ ಅದಾವ" ಅಂದ. ತಪಾಸಣೆಯವನಲ್ಲವೇ. ನನಗೆ ನಗು ಬಂತು, ತಡೆದುಕೊಂಡೆ. ಅವನು ನನಗೆ ಇಷ್ಟವಾಗಿದ್ದ. ಆದ್ದರಿಂದಲೇ ಗುಟ್ಟು ಈಗ ಮೊದಲಿಗಿಂತ ಭಾರವಾಗಿತ್ತು.

"ಆಪರೇಶನ್ ಮಾಡಿಸಿ ಮುಗಿಸಿಬಿಡ್ರಿ" ಅಂದಳು ಭಾಗವ್ವತ್ತೆ. "ಲಗ್ನದಾಗ ಗೊತ್ತಾಗೂದ್ರೊಳಗ ಹುಡುಗಿ ಸಾಫ್ ಆಗಿರಬೇಕು."

ಲಗ್ನದ ಓಡಾಟಕ್ಕೆಂದು ನಮ್ಮ ಮನೆಗೆ ಬಂದುಹೋಗಿ ಮಾಡುತ್ತಿದ್ದ ಅವಳೇ, ಕನ್ನಡದವರು ಎಂಬ ಒಂದೇ ಕಾರಣಕ್ಕೆ, ನಮ್ಮನ್ನು ನಾಶಿಕ್‌ನ ಡಾಕ್ಟರ್ ಹರಿಣಾಕ್ಷಿಯವರ ಹತ್ತಿರ ಕರೆದುಕೊಂಡು ಹೋದಳು. ಕಿವಿ, ಮೂಗು, ಗಂಟಲಿನ ಡಾಕ್ಟರು. ಮೊದಲ ದಿನವೇ ನಮ್ಮ ಮಾತು ಕೇಳಿ ನಕ್ಕರು. "ನಾನು ಕುಂದಾಪುರದವಳು. ನಿಮ್ಮ ಕನ್ನಡ ನನಗೆ ಅರ್ಧ ತಿಳಿಯುದಿಲ್ಲ, ನನ್ನದು ನಿಮಗೆ ಅರ್ಧ ತಿಳಿಯುದಿಲ್ಲ. ಎರಡು ಸೇರಿದ್ರೆ ಒಂದಾಯ್ತಲ್ಲ, ಸಾಕು." ನನ್ನ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದರು, ಆಮೇಲೆ ಪಕ್ಕದಿಂದ ಮುಖ ನೋಡಿದರು. ಆ ಯಂತ್ರದ ಡಬ್ಬಿ ಕೊಟ್ಟವರೂ ಅವರೇ. ಮನೆಯಲ್ಲೇ ಕಟ್ಟಿಕೊಂಡು ಎಂದಿನಂತೆ ಮಲಗಬೇಕು ಎಂದಿದ್ದರು. ಎಂದಿನಂತೆಯೇ ಮಲಗಿದ್ದೆವು.

ಡಬ್ಬಿ ಹಿಂದಿರುಗಿಸಿದ ಮೇಲೆ ಮತ್ತೆ ಕರೆಸಿದರು. ಅವ್ವ, ನಾನು, ಭಾಗವ್ವತ್ತೆ ಮೂವರೂ ಹೋದೆವು. ಡಾಕ್ಟರು ರಿಪೋರ್ಟನ್ನು ಕಂಪ್ಯೂಟರಿನಲ್ಲಿ ನೋಡಿ ಹುಬ್ಬು ಗಂಟಿಕ್ಕಿದರು.

"ಗಂಟೆಗೆ ಏಳೆಂಟು ಸಲ ಉಸಿರು ತಡೀತದೆ ಅಂತ ಬಂದಿದೆ. ಅಂದ್ರೆ ಸಣ್ಣ ಪ್ರಮಾಣ. ಆದ್ರೆ ಇವಳ ಗಂಟಲು ನೋಡಿದ್ರೆ ಹಾಗೆ ಕಾಣುದಿಲ್ಲ. ಟಾನ್ಸಿಲ್ ಎರಡೂ ನಿಂಬೆಹಣ್ಣಿನ ಹಾಗೆ ಉಂಟು. ಕೆಳಗಿನ ದವಡೆ ಹಿಂದೆ ಉಂಟು, ಹಾಗಾಗಿ ನಾಲಿಗೆಗೆ ಜಾಗ ಕಡಿಮೆ."

"ರಿಪೋರ್ಟ್ ಸುಳ್ಳ ಹೇಳ್ತದೇನ್ರಿ ಡಾಕ್ಟರ್ ಬಾಯಿ?" ಭಾಗವ್ವತ್ತೆಯ ಮುಖ ಅರಳಿತ್ತು. "ಸಣ್ಣದಂದ್ರ ಸಣ್ಣದು. ನಮ್ಮೂರಾಗ ಒಬ್ರು ಕಿರುನಾಲಿಗಿನ್ನ ಲೇಸರ್‌ಲೇ ಸುಟ್ಟ್ ತೆಗೀತಾರ. ಮುಂಜಾನಿ ಹೋದ್ರ ಸಂಜಿಗಿ ಮನಿ. ಆವಾಜ್ ಬಂದ್!"

"ಕೆಲವರಿಗೆ ಸದ್ದು ಕಡಿಮೆ ಆಗ್ತದೆ, ಸುಳ್ಳಲ್ಲ" ಅಂದರು ಡಾಕ್ಟರು. "ಆದ್ರೆ ಸದ್ದು ಹೋಗಿ ಉಸಿರು ನಿಲ್ಲುದು ಮಾತ್ರ ಹಾಗೇ ಉಳಿದ್ರೆ? ಆಗ ಪಕ್ಕದಲ್ಲಿ ಮಲಗಿದವರಿಗೂ ಗೊತ್ತಾಗುದಿಲ್ಲ. ಅದೇ ನನಗೆ ಹೆದರಿಕೆ."

ಪಕ್ಕದಲ್ಲಿ ಮಲಗಿದವರು ಎಂದಾಗ ನಾನು ಅವ್ವನ ಕೈ ನೋಡಿದೆ. ಅದು ಅವಳ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಗಿಡ್ಡ ಬೆರಳುಗಳು, ರೊಟ್ಟಿ ಬಡಿದು ಗಟ್ಟಿಯಾದ ಅಂಗೈ. ನಾನು ಹೊರಗಿನವರೆದುರು ಮಾತಾಡುವವಳಲ್ಲ. ಅಂಗಡಿಯಲ್ಲಿ ಗಿರಾಕಿ ಬಂದರೂ ತಕ್ಕಡಿಯ ಕಡೆಗೇ ನೋಡುತ್ತೇನೆ. ಆದರೂ ಕುರ್ತಾದ ತೋಳು ಮೇಲಕ್ಕೆ ಸರಿಸಿದೆ. ಗುರುತುಗಳು ಆಗ ಕೆಂಪಿನಿಂದ ಹಳದಿಗೆ ತಿರುಗಿದ್ದವು.

"ಮೇಡಂ, ಅವ್ವ ನನ್ ಮಗ್ಗಲದಾಗ ಮಲಗಿದ್ಳು. ನಾ ಅಂಗಾತ ಆದಾಗೊಮ್ಮಿ ಹಿಡದ್ ಹೊರಳಸ್ತಾಳ್ರಿ. ಹೊರಳಿದ್ರ ಗೊರಕಿ ನಿಲ್ತದ."

ಡಾಕ್ಟರು ನನ್ನ ರಟ್ಟೆ ನೋಡಿದರು, ಆಮೇಲೆ ಅವ್ವನನ್ನು.

"ನಾ ಬೇಕಂತ ಮಾಡಿಲ್ರಿ ತಾಯಿ" ಅಂದಳು ಅವ್ವ. "ನನಗ ಎಚ್ಚರಾನೂ ಇರಂಗಿಲ್ಲ. ಕೈ ತಾನೇ ಹೋಗ್ತದ. ಸಣ್ಣಾಕಿ ಇದ್ದಾಗಿಂದ ಹಂಗೇ ರೂಢಿ ಬಿದ್ದದ."

"ಅಂದ್ರೆ ನಾನು ಯಂತ್ರದಿಂದ ಪರೀಕ್ಷೆ ಮಾಡಿದ್ದು ನಿಮ್ಮ ಮಗಳನ್ನಲ್ಲ, ನಿಮ್ಮ ಕೈಯನ್ನು!" ಡಾಕ್ಟರು ಜೋರಾಗಿ ನಕ್ಕರು. "ಒಳ್ಳೆ ಕೈ ಮಾರಾಯ್ರೆ, ನಂಬರ್ ಇಳಿಸಿಬಿಟ್ಟಿದೆ. ಆದ್ರೆ ಮದುವೆ ಆದ ಮೇಲೆ ಈ ಕೈಯನ್ನು ಇವಳ ಜೊತೆ ಕಳಿಸ್ಲಿಕ್ಕೆ ಆಗ್ತದಾ?"

"ಗಂಡನ ಕೈ ಇರಲ್ಲೇನ್ರಿ?" ಅಂದಳು ಭಾಗವ್ವತ್ತೆ.

"ಅವನಿಗೆ ಎಚ್ಚರ ಆಗ್ಬೇಕಲ್ಲ ಮೊದಲು!"

ಅವರಿಬ್ಬರೂ ನಕ್ಕರು. ಅವ್ವ ನಗಲಿಲ್ಲ. ಹಿಂದಿರುಗುವಾಗ ರಿಕ್ಷಾದಲ್ಲಿ ಒಂದೇ ಮಾತು ಆಡಿದಳು: "ನೋಯ್ತಿತ್ತೇನು ರಟ್ಟಿ?" ಇಲ್ಲವೆಂದು ತಲೆಯಾಡಿಸಿದೆ. ನನಗೆ ಎಂದೂ ನೋವಾಗಿರಲಿಲ್ಲ.

ಎರಡನೆಯ ಸಲ ಡಬ್ಬಿ ತಂದಾಗ ಅವ್ವ ಎದುರುಮನೆಗೆ ಮಲಗಲು ಹೋದಳು. ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಹತ್ತಿರವೇ ನಿಂತಿದ್ದಳು. ನನಗೆ ನಿದ್ದೆ ಬಂತೋ ಇಲ್ಲವೋ, ಅವಳಿಗಂತೂ ಬಂದಿರಲಿಲ್ಲ. ಈ ಸಲ ರಿಪೋರ್ಟ್ ಬೇರೆಯೇ ಹೇಳಿತು. ಗಂಟೆಗೆ ನಲವತ್ತಕ್ಕಿಂತ ಹೆಚ್ಚು ಸಲ, ರಕ್ತದಲ್ಲಿ ಪ್ರಾಣವಾಯು ಇಳಿಯುವಷ್ಟು. ಅದನ್ನು ಕೇಳಿ ನಾನು ಅಳಬೇಕಿತ್ತೇನೋ. ನನಗಾದದ್ದು ಹಗುರ. ಹಾಗಾದರೆ ನಾನು ಸೋಮಾರಿಯಲ್ಲ. ಆ ತರಗತಿಯ "ಝೋಪ್ಲೀ" ಎಲ್ಲ ಸುಳ್ಳು. ನಾನು ಎಂದೂ ಸರಿಯಾಗಿ ಮಲಗಿಯೇ ಇರಲಿಲ್ಲ.

ಆಮೇಲೆ ಒಂದು ದಿನ ಮದ್ದು ಕೊಟ್ಟು ಮಲಗಿಸಿ, ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು, ಗಂಟಲು ಎಲ್ಲಿ ಮುಚ್ಚಿಕೊಳ್ಳುತ್ತದೆ ಎಂದು ನೋಡಿದರು. ಅದರ ಚಿತ್ರವನ್ನು ಡಾಕ್ಟರು ನನಗೇ ತೋರಿಸಿದರು. ಈ ಸಲ ಅಪ್ಪನೂ ಬಂದಿದ್ದ. ಪರದೆಯ ಮೇಲೆ ಗುಲಾಬಿ ಬಣ್ಣದ ಒಂದು ಬಾಗಿಲು. ಎರಡು ಬದಿಯಿಂದ ಟಾನ್ಸಿಲ್ ಒಳಗೆ ಬಂದು ಕೂಡುತ್ತಿದ್ದವು, ನಾಲಿಗೆಯ ಬುಡ ಹಿಂದಕ್ಕೆ ಜಾರಿ ಮುಚ್ಚುತ್ತಿತ್ತು. ಕಿರುನಾಲಿಗೆ ಪಾಪ ಒಂದು ಕಡೆ ಸುಮ್ಮನೆ ತೂಗಾಡುತ್ತಿತ್ತು. ಅದನ್ನೇ ಸುಡಿಸಲು ಹೊರಟಿದ್ದೆವು.

ಡಾಕ್ಟರು ಬೆರಳು ಮಡಚುತ್ತ ಹೇಳಿದರು. ಟಾನ್ಸಿಲ್ ತೆಗೆದರೆ ಒಂದಿಷ್ಟು ದಿನ ಗಂಟಲು ಬಹಳ ನೋಯುತ್ತದೆ, ಗಂಜಿ ಕುಡಿದುಕೊಂಡಿರಬೇಕು. ಉಸಿರು ನಿಲ್ಲುವುದು ಸಾಕಷ್ಟು ಕಡಿಮೆಯಾಗಬಹುದು, ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರರು. ದವಡೆಯನ್ನು ಕತ್ತರಿಸಿ ಮುಂದಕ್ಕೆ ಕೂರಿಸುವ ಆಪರೇಶನ್ನಿನಿಂದ ಗುಣವಾಗುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು. ಆದರೆ ಅದು ದೊಡ್ಡದು. ಮೊದಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಲ್ಲಿಗೆ ತಂತಿ ಕಟ್ಟಬೇಕು, ಆಮೇಲೆ ತಿಂಗಳುಗಟ್ಟಲೆ ಸುಧಾರಿಸಿಕೊಳ್ಳಬೇಕು. ಕೆಳದುಟಿ ಕೆಲವರಿಗೆ ಜೋಮು ಹಿಡಿದು ಹಾಗೇ ಉಳಿಯುತ್ತದೆ. ಮುಖ ಬದಲಾಗುತ್ತದೆ. ನಾಲಿಗೆಯ ನರಕ್ಕೆ ಸಣ್ಣಗೆ ಕರೆಂಟ್ ಕೊಡುವ ಯಂತ್ರವನ್ನು ಎದೆಯೊಳಗೆ ಇಡುವುದೂ ಇದೆ, ಅದು ಮಾಸ್ಕ್ ತಡೆಯದವರಿಗೆ, ನಮ್ಮ ಕಡೆ ಅಪರೂಪ. ಮಾಸ್ಕ್ ಎಂದರೆ, ಮಲಗುವಾಗ ಮೂಗಿಗೆ ಕಟ್ಟಿಕೊಂಡರೆ ಗಾಳಿ ಒತ್ತಿ ಬಾಗಿಲು ತೆರೆದಿಡುವ ಯಂತ್ರ.

"ಮೊದಲು ಅದನ್ನೇ ಬಾಡಿಗೆಗೆ ತಗೊಂಡು ಹೋಗು. ಸರಿಯಾಗಿ ಮಲಗಿದ ತಲೆಯಿಂದ ಯೋಚನೆ ಮಾಡು. ಇದರಲ್ಲಿ ಯಾವುದೂ ನಾಳೆಯೇ ಆಗ್ಬೇಕು ಅಂತ ಇಲ್ಲ."

ಭಾಗವ್ವತ್ತೆ ದವಡೆಯ ಮಾತನ್ನು ಬಿಡಲಿಲ್ಲ. "ಗದ್ದ ಮುಂದ್ ಬಂದ್ರ ಹೀರೋಯಿನ್ ಕಂಡಂಗ ಕಾಣ್ತಿ ನೋಡು! ರೋಗಾನೂ ಹೋಯ್ತು, ರೂಪಾನೂ ಬಂತು."

"ಹುಡುಗ ಒಪ್ಪಿದ್ದು ಈ ಗದ್ದಾನ್ನೇ ಅಲ್ಲೇನು ಭಾಗೂ?" ಅಂದ ಅಪ್ಪ. ಅಪ್ಪ ಅಷ್ಟೇ ಹೇಳಿದ್ದು. ಆದರೆ ನನಗೆ ಅದು ಹಿಡಿಸಿತು.

ಮಾಸ್ಕಿನ ಮೊದಲ ದಿನಗಳಲ್ಲಿ ಮೂಗಿನ ಮೇಲೆ ಗೆರೆ ಬಿತ್ತು, ಬಾಯಿ ಒಣಗಿತು, ಒಂದೆರಡು ಸಲ ಕಿತ್ತೆಸೆದೆ. ಹೊಸ ಅಳತೆಯದು ತಂದ ಮೇಲೆ ಒಂದು ಬೆಳಿಗ್ಗೆ ಎಚ್ಚರವಾಯಿತು. ಎಚ್ಚರ ಎಂದರೆ ಏನೆಂದು ಆಗ ಗೊತ್ತಾಯಿತು. ತಲೆ ಭಾರವಿರಲಿಲ್ಲ. ಒಣಗಿಸಿದ್ದ ಜೋಳದ ವಾಸನೆ, ಹಾಲಿನವನ ಗಾಡಿ, ಎದುರುಮನೆಯ ಕುಕ್ಕರಿನ ಸೀಟಿ, ಎಲ್ಲ ಬೇರೆಬೇರೆಯಾಗಿ ಬಂದವು. ಆ ದಿನ ಅವ್ವನಿಗಿಂತ ಮೊದಲು ಹಿಟ್ಟು ನಾದಿ ಮುಗಿಸಿದ್ದೆ. ಅವ್ವ ಬಂದು ಬಾಗಿಲಲ್ಲಿ ನಿಂತು ನೋಡಿದಳು. "ರಾತ್ರಿ ಕೈ ಚಾಚಿದ್ನಿ," ಅಂದಳು, "ನೀ ಸುಮ್ಕ ಮಲಗಿದ್ದಿ. ಹೆದರಿಕಿ ಬಂದು ಮೂಗಿನ ಹತ್ರ ಕಿವಿ ಇಟ್ಟು ನೋಡಿದ್ನಿ."

ಆ ತಲೆಯಿಂದಲೇ ಯೋಚನೆ ಮಾಡಿದೆ. ರೊಟ್ಟಿ ಮಾಡುವಾಗ ಯೋಚನೆ ಚೆನ್ನಾಗಿ ನಡೆಯುತ್ತದೆ, ಕೈ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ಕಿರುನಾಲಿಗೆ ಬೇಡ. ಅದರ ತಪ್ಪಿಲ್ಲ. ಟಾನ್ಸಿಲ್ ತೆಗೆಸುತ್ತೇನೆ, ದೀಪಾವಳಿ ಆದ ಮೇಲೆ. ಅದು ಬಾಗಿಲಿಗೆ ಅಡ್ಡ ನಿಂತಿರುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆಮೇಲೆ ಮತ್ತೆ ಡಬ್ಬಿ ಕಟ್ಟಿಕೊಂಡು ನೋಡಬೇಕು. ಸಾಲದಿದ್ದರೆ ಮಾಸ್ಕ್ ಇದೆ. ದವಡೆಯದು ಮುಂದೆ, ನನಗೆ ಬೇಕೆನಿಸಿದರೆ, ನನ್ನ ಉಸಿರಿಗಾಗಿ. ಮದುವೆಗಾಗಿ ಅಲ್ಲ, ಗುಟ್ಟು ಮುಚ್ಚಲು ಅಲ್ಲ. ಡಾಕ್ಟರಿಗೆ ಇದನ್ನು ಹೇಳಿದಾಗ, "ನಾನೂ ಇದನ್ನೇ ಹೇಳುವವಳಿದ್ದೆ. ನೀನೇ ಹೇಳ್ತೀಯಾ ಅಂತ ಕಾಯ್ತಾ ಇದ್ದೆ" ಅಂದರು.

ಉಳಿದದ್ದು ಒಂದೇ. ಉತ್ಕರ್ಷನ ಮನೆಯವರಿಗೆ ಹೇಳುವುದು. ಹೇಳಿದರೆ ಸಂಬಂಧ ಮುರಿಯಬಹುದು. ಹೇಳದಿದ್ದರೆ ಮಾಸ್ಕ್ ಇಲ್ಲಿಯೇ ಉಳಿಯುತ್ತದೆ, ನಾನು ಅಲ್ಲಿ ಮತ್ತೆ ಆ ಹಳೆಯ ಮಂದಾ.

ಅಷ್ಟರಲ್ಲಿ ಅವನ ತಾಯಿ ಪಾರ್ವತಿಬಾಯಿ, ನಿಶ್ಚಯದ ಸೀರೆಯನ್ನು ಹುಡುಗಿಯೇ ಬಂದು ಆರಿಸಲಿ ಎಂದು ಹೇಳಿ ಕಳಿಸಿದರು. ಅಪ್ಪ, ಅವ್ವ, ನಾನು ರೈಲು ಹತ್ತಿದೆವು. ಭಾಗವ್ವತ್ತೆ ತನ್ನ ಗೆಳತಿಯ ಮೊಮ್ಮಗುವಿನ ಹೆಸರಿಡುವ ಶಾಸ್ತ್ರಕ್ಕೆ ಮನ್ಮಾಡಿಗೆ ಬಂದಿದ್ದವಳು ಅಲ್ಲಿಂದ ನಮ್ಮ ಬೋಗಿಗೇ ಹತ್ತಿದಳು. ಸೀಟಿನಡಿ ರೊಟ್ಟಿಯ ಗಂಟು, ಹಿಂಡಿಯ ಡಬ್ಬಿ. ನನ್ನ ಮಡಿಲಲ್ಲಿ ಒಂದು ಚೀಲ.

"ಅದರಾಗೇನದ?" ಕೇಳಿದಳು.

"ಮಶೀನ್."

"ಅಗ ಆಯೀ! ಸೀರಿ ಆರಿಸಲಿಕ್ಕ ಹೊಂಟಾಕಿ ಮಶೀನ್ ತಗೊಂಡ್ ಹೊಂಟಿದಿ? ಆ ಸೊಂಡಿ ನೋಡಿದ್ರ ಗಣಪತಿ ಬಂದಾನಂತ ಆರತಿ ಎತ್ತತಾರ!" ನಾನು ನಕ್ಕುಬಿಟ್ಟೆ. ಅವಳಿಗೆ ಸಿಟ್ಟು ಬಂತು. "ನಗಬ್ಯಾಡ. ಮೂರು ಗಂಟು ಬೀಳೋ ತನಕ ಬಾಯಿ ಮುಚ್ಕೊಂಡಿರು. ಆಮ್ಯಾಲ ಏನೂ ಮಾಡ್ಲಿಕ್ಕ ಬರಂಗಿಲ್ಲ ಅವರಿಗಿ."

"ಅದಕ್ಕೇ ಮೊದಲು ಹೇಳ್ತೀನಿ ಅತ್ತಿ."

ಭಾಗವ್ವತ್ತೆ ಅವ್ವನ ಕಡೆಗೆ ತಿರುಗಿದಳು. ಅವ್ವ ಕಿಟಕಿಯಿಂದ ಹೊರಗೆ ನೋಡುತ್ತ, "ಹೇಳೋದಾದ್ರ ಆಕಿನೇ ಹೇಳ್ಲಿ" ಅಂದಳು. "ನನ್ ಕೈಗಿ ಕೆಲಸ ಬಿಡಿಸ್ಯಾಳ, ಬಾಯಿಗ್ಯಾಕ ಹಚ್ತಾಳ?"

ಸಂಭಾಜಿನಗರದಲ್ಲಿ ಸೀರೆ ಆರಿಸಿದ್ದಾಯಿತು, ನೀಲಿಗೆ ಹಸಿರು ಅಂಚು. ಊಟಕ್ಕೆ ಹೋಳಿಗೆ ಮಾಡಿದ್ದರು. ನಮ್ಮ ರೊಟ್ಟಿಯನ್ನು ಉತ್ಕರ್ಷ ಮೊದಲು ಮುರಿದು ಸದ್ದು ಕೇಳಿ ಆಮೇಲೆ ತಿಂದ. ಅವನ ಅಪ್ಪ ಶಿವರಾಯರು ನಮ್ಮ ಅಪ್ಪನ ಜೊತೆ ತೊಗರಿಯ ಮಾತಿಗೆ ಕುಳಿತರು. ಹೆಂಗಸರಿಗೆ ಒಳಗೆ ಜಮಖಾನೆ ಹಾಸಿ, ಪಾರ್ವತಿಬಾಯಿ ನನ್ನ ಕಡೆಗೆ ದಿಂಬು ತಳ್ಳಿದರು.

"ಬಾ ಮಂದಾ, ಜರಾ ಅಡ್ಡಾಗು."

"ಆಕಿಗಿ ಹಗಲ್ ಮಲಗೋ ಚಾಳಿ ಇಲ್ರಿ!" ಭಾಗವ್ವತ್ತೆ ಧಡಕ್ಕನೆ ಎದ್ದು ಕುಳಿತಳು. ತಾನು ಸುಳ್ಳು ಹೇಳುತ್ತಿದ್ದೇನೆ ಎಂದೇ ಅವಳು ಅಂದುಕೊಂಡಿದ್ದಳು. ಈಗ ಅದು ನಿಜವಾಗಿತ್ತು. ಹೋಳಿಗೆ ತಿಂದ ಮೇಲೂ ನನ್ನ ಕಣ್ಣು ನಿಚ್ಚಳವಾಗಿದ್ದವು.

"ಮಲಗಂಗಿಲ್ಲೇನು? ಶಾಣ್ಯಾ ಇದಿ. ಹಂಗಾದ್ರ ಬಾ, ನಿಮ್ ಖೋಲಿ ತೋರಸ್ತೀನಿ" ಎಂದು ಪಾರ್ವತಿಬಾಯಿ ಮೇಲಿನ ಮಹಡಿಗೆ ಕರೆದುಕೊಂಡು ಹೋದರು. ಅವ್ವ, ಭಾಗವ್ವತ್ತೆ ಹಿಂದೆ ಬಂದರು. ನಾನು ಚೀಲ ಎತ್ತಿಕೊಂಡೆ.

ಹೊಸ ಸುಣ್ಣದ ವಾಸನೆ. ಹೊಸ ಮಂಚ, ಅದರ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಉತ್ಕರ್ಷ ಬಾಗಿಲಲ್ಲಿ ಬಂದು ನಿಂತ. ಪಾರ್ವತಿಬಾಯಿ ಕಪಾಟು ತೆಗೆದು ತೋರಿಸಿದರು, ಕಿಟಕಿ ತೋರಿಸಿದರು. ನಾನು ಗೋಡೆಗಳನ್ನು ನೋಡುತ್ತಿದ್ದೆ.

"ಏನ್ ಹುಡುಕ್ತಿ?" ಕೇಳಿದರು.

ನಾನು ಚೀಲವನ್ನು ಮಂಚದ ಮೇಲಿಟ್ಟು ಮಶೀನನ್ನೂ ಮಾಸ್ಕನ್ನೂ ಹೊರಗೆ ತೆಗೆದೆ.

"ನಿದ್ದಿಯೊಳಗ ನನ್ ಉಸಿರು ನಿಲ್ತದ್ರಿ. ಸಣ್ಣಾಕಿ ಇದ್ದಾಗಿಂದ ಅದ, ಈಗ ಗೊತ್ತಾಗ್ಯದ. ಇದನ್ನ ಮೂಗಿಗಿ ಹಾಕ್ಕೊಂಡು ಮಲಗಿದ್ರ ಬರೋಬರ್ ಇರ್ತದ."

ಭಾಗವ್ವತ್ತೆ ಗೋಡೆಗೆ ಒರಗಿದಳು. ಪಾರ್ವತಿಬಾಯಿ ಮಾಸ್ಕನ್ನು ಮುಟ್ಟಲಿಲ್ಲ, ಬಗ್ಗಿ ನೋಡಿದರು. ಉತ್ಕರ್ಷ ಮುಂದೆ ಬಂದು ಅದನ್ನು ಕೈಗೆತ್ತಿಕೊಂಡು, ನಳಿಗೆ ಕೂಡುವ ಜಾಗವನ್ನು ತಿರುಗಿಸಿ ಪರೀಕ್ಷಿಸಿದ.

"ಆವಾಜ್ ಬರ್ತದೇನ್?"

"ಫ್ಯಾನಿಗಿಂತ ಕಡಿಮಿ."

"ಆಪರೇಶನ್ ಮಾಡಸ್ಕೊಂಡ್ ಬಂದ್ರ ಮುಗೀತಲ್ಲ?" ಪಾರ್ವತಿಬಾಯಿ ಕೇಳಿದರು. ಅವರು ನನ್ನನ್ನು ಕೇಳಲಿಲ್ಲ, ಅವ್ವನನ್ನು ಕೇಳಿದರು.

ಅವ್ವ ನನ್ನ ಕಡೆಗೆ ನೋಡಿದಳು. ನಾನೇ ಹೇಳಿದೆ. "ಟಾನ್ಸಿಲ್ದು ದೀಪಾವಳಿ ಆದಮ್ಯಾಲ ಮಾಡಸ್ಕೋತೀನ್ರಿ. ಅದ್ರಲೇ ಪೂರಾ ಹೋಗ್ತದಂತ ಹೇಳ್ಲಿಕ್ಕ ಬರಂಗಿಲ್ಲ. ದವಡಿದು ದೊಡ್ಡದದ, ಅದು ಈಗ ಬ್ಯಾಡಂತ ನಾ ತಿಳ್ಕೊಂಡೀನಿ. ಅಲ್ಲಿ ತನಕ ಇದು ದಿನಾ ಬೇಕು."

ಕೆಳಗಡೆ ಶಿವರಾಯರು ಯಾವುದೋ ಮಾತಿಗೆ ನಕ್ಕದ್ದು ಕೇಳಿಸಿತು. ಉತ್ಕರ್ಷ ಮಾಸ್ಕನ್ನು ಪ್ಲಾಸ್ಟಿಕ್ಕಿನ ಮೇಲೆ ಮೆಲ್ಲಗೆ ಇಟ್ಟು ತಾಯಿಯ ಮುಖ ನೋಡಿದ. ಆ ಖೋಲಿಯಲ್ಲಿ ಇದ್ದದ್ದು ಒಂದೇ ಪ್ಲಗ್, ಬಾಗಿಲ ಹತ್ತಿರ, ನನ್ನ ಎತ್ತರಕ್ಕೆ. ಮಶೀನಿನ ವೈರು ಅಲ್ಲಿಯ ತನಕ ಬರುವುದಿಲ್ಲ ಎಂದು ನೋಡಿದ ಕೂಡಲೇ ತಿಳಿದಿತ್ತು. ನಾನು ಮಂಚದ ತಲೆಯ ಕಡೆಗೆ ಹೋಗಿ, ಕೈ ಚಾಚಿದರೆ ಸಿಗುವ ಕಡೆ, ಹೊಸ ಸುಣ್ಣದ ಮೇಲೆ ಬೆರಳಿಟ್ಟೆ.

"ಇಲ್ಲೊಂದು ಪ್ಲಗ್ ಪಾಯಿಂಟ್ ಹಾಕಸ್ರಿ."